ಮೊಬೈಲ್ ಜಾಲದ ವೇಗ: ಒಕ್ಕಲುತನಕ್ಕೆ ಎಷ್ಟು ಬೇಕು?



ಹೆಸರು ರಾಶಿ ಮಾಡಿ, ಗದಗ ಪೇಟೆಯಲ್ಲಿ ಮಾರಿ, ಕೈಯಲ್ಲಿ ನಾಲ್ಕು ದುಡ್ಡು ಹಿಡಿದು ಬೆಟಗೇರಿಯ ಕಡೆ ಹೊರಟಾಗ ಮೊಬೈಲ್ ಅಂಗಡಿಯವರ ಮಾತು ತಪ್ಪದೆ ಕಿವಿಗೆ ಬೀಳುತ್ತದೆ. "ಇನ್ನೂ ಹಳೇ ಫೋನ್ ಇಟ್ಕೊಂಡೀರೇನ್ರಿ ಯಜಮಾನ್ರ? 5ಜಿ ತಗೋರಿ, ಎಲ್ಲಾ ಝಟ್‌ಪಟ್ ಆಗತೈತಿ" ಎನ್ನುತ್ತಾರೆ. ಮನೆಯಲ್ಲಿ ಮಕ್ಕಳೂ ಅದೇ ಮಾತು ಹೇಳುತ್ತಾರೆ. ಒಂದು ಹೊಸ ಫೋನಿಗೆ ಹನ್ನೆರಡರಿಂದ ಹದಿನೈದು ಸಾವಿರ ರೂಪಾಯಿ ಕೊಡಬೇಕಾದರೆ, ಆ ಹಣ ಮೂರು-ನಾಲ್ಕು ಎಕರೆ ಹಿಂಗಾರಿ ಕಡಲೆಯ ಬೀಜ ಮತ್ತು ಗೊಬ್ಬರದ ಖರ್ಚಿನ ಹತ್ತಿರ ಬರುತ್ತದೆ. ಆದುದರಿಂದ ಇದು ಸಣ್ಣ ಪ್ರಶ್ನೆಯಲ್ಲ. ಹೊಸ ಬೀಜ ಬಂದಾಗ ಅದರ ಗುಣವನ್ನು ಪರೀಕ್ಷಿಸಿ ಕೊಳ್ಳುವ ನೀವು, ಹೊಸ ವೇಗ ಬಂದಾಗಲೂ ಅದೇ ರೀತಿ ಪರೀಕ್ಷಿಸಿ ಕೊಳ್ಳಬೇಕು. ಹಾಗೆ ಪರೀಕ್ಷಿಸುವುದು ಹೇಗೆ ಎಂಬುದೇ ಈ ಪಾಠದ ವಿಷಯ.

1. ವೇಗ ಎಂದರೇನು?

ಮೊಬೈಲ್ ಜಾಲವನ್ನು ನೀರಾವರಿ ಕಾಲುವೆಗೆ ಹೋಲಿಸಿ ನೋಡೋಣ. ಕಾಲುವೆಯ ಬಗ್ಗೆ ನೀವು ಮೂರು ಪ್ರಶ್ನೆ ಕೇಳುತ್ತೀರಿ.

ಮೊದಲನೆಯದು, ಒಂದು ಸೆಕೆಂಡಿಗೆ ಎಷ್ಟು ನೀರು ಹರಿಯುತ್ತದೆ? ಜಾಹೀರಾತಿನಲ್ಲಿ ಹೇಳುವ ವೇಗ ಇದೇ. ಇದನ್ನು ಕಿಲೋಬಿಟ್ ಅಥವಾ ಮೆಗಾಬಿಟ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಸಾವಿರ ಕಿಲೋಬಿಟ್ ಸೇರಿದರೆ ಒಂದು ಮೆಗಾಬಿಟ್. ಫೋನಿನಲ್ಲಿ ಚಿತ್ರದ ಗಾತ್ರವನ್ನು ಮಾತ್ರ ಬೈಟ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 8 ಬಿಟ್ಟಿಗೆ ಒಂದು ಬೈಟ್. ಈ ವ್ಯತ್ಯಾಸ ತಿಳಿಯದಿದ್ದರೆ ಲೆಕ್ಕ ಎಂಟು ಪಟ್ಟು ತಪ್ಪುತ್ತದೆ.

ಎರಡನೆಯದು, ತೂಬು ಎತ್ತಿದ ಮೇಲೆ ಮೊದಲ ನೀರು ಹೊಲ ಮುಟ್ಟಲು ಎಷ್ಟು ಹೊತ್ತು? ಗುಂಡಿ ಒತ್ತಿದ ಮೇಲೆ ಉತ್ತರ ಬರುವವರೆಗಿನ ಕಾಯುವಿಕೆ ಇದು. ಕಾಲುವೆ ಅಗಲವಾದ ಮಾತ್ರಕ್ಕೆ ಈ ಕಾಯುವಿಕೆ ಕಡಿಮೆಯಾಗಲೇಬೇಕೆಂದಿಲ್ಲ.

ಮೂರನೆಯದು, ನೀರು ಕೊನೆಯ ಅಂಚಿನ ಹೊಲ ಮುಟ್ಟುತ್ತದೆಯೇ? ತಲೆಗಾಲುವೆಯಲ್ಲಿ ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ ಎಂಬ ಸುದ್ದಿ ಕೊನೆಯ ಅಂಚಿನ ರೈತರ ಪೈರಿಗೆ ನೀರಾಗುವುದಿಲ್ಲ. ಅದರಂತೆಯೇ ಪಟ್ಟಣದಲ್ಲಿ ಸಿಗುವ ವೇಗ ನಿಮ್ಮ ಹೊಲದಲ್ಲಿ ಸಿಗುವ ವೇಗವಲ್ಲ.

ಜಾಹೀರಾತುಗಳು ಮೊದಲ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತವೆ. ರೈತರಿಗೆ ಹೆಚ್ಚು ಬೇಕಾದುದು ಮೂರನೆಯ ಪ್ರಶ್ನೆಯ ಉತ್ತರ.

2. ಇಲ್ಲಿಯವರೆಗೆ ಬಂದ ದಾರಿ

ಪೇಟೆಯ ಧಾರಣೆ ಮತ್ತು ಹವಾಮಾನವನ್ನು ರೇಡಿಯೋದಲ್ಲಿ ಕೇಳಿ ತಿಳಿಯುವ ರೂಢಿ ನಮ್ಮ ಭಾಗದಲ್ಲಿ ಹಳೆಯದು. ಧಾರವಾಡ ಆಕಾಶವಾಣಿ 1950 ರಲ್ಲಿ ಆರಂಭವಾಯಿತು. ದೂರದ ಊರಿಗೆ ಮಾತಾಡಲು ಟ್ರಂಕ್ ಕಾಲ್ ಬರೆಸಿ ಗಂಟೆಗಟ್ಟಲೆ ಕಾಯುತ್ತಿದ್ದ ದಿನಗಳನ್ನು ಹಿರಿಯರು ಮರೆತಿರಲಾರರು.

ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995 ರ ಜುಲೈ 31 ರಂದು. 3ಜಿ ಸೇವೆ 2008-09 ರಲ್ಲಿ, 4ಜಿ ಸೇವೆ 2012 ರಲ್ಲಿ, 5ಜಿ ಸೇವೆ 2022 ರ ಅಕ್ಟೋಬರ್ 1 ರಂದು ದೇಶದಲ್ಲಿ ಆರಂಭವಾದವು. 2016 ರ ನಂತರ ಡಾಟಾ ದರ ಬಹಳ ಇಳಿದು, ಹಳ್ಳಿಯ ಮನೆಮನೆಗೂ ಅಂತರ್ಜಾಲ ಬಂದಿತು. ಸರ್ಕಾರಿ ದೂರಸಂಪರ್ಕ ಸಂಸ್ಥೆಯ ಸ್ವದೇಶಿ 4ಜಿ ಜಾಲವನ್ನು 2025 ರ ಸೆಪ್ಟೆಂಬರ್‌ನಲ್ಲಿ ಉದ್ಘಾಟಿಸಲಾಯಿತು.

ಈ ಪ್ರತಿಯೊಂದು ಹೆಜ್ಜೆಯೂ ವೇಗವನ್ನು ಹಲವು ಪಟ್ಟು ಹೆಚ್ಚಿಸಿತು. ಆದರೆ ಪ್ರತಿ ಹೆಜ್ಜೆಯಲ್ಲಿ ರೈತರಿಗೆ ಆದ ಲಾಭ ಅದೇ ಪ್ರಮಾಣದಲ್ಲಿ ಹೆಚ್ಚಿತೇ? ಅದನ್ನು ಲೆಕ್ಕ ಹಾಕಿ ನೋಡೋಣ.

3. ಯಾವ ಕೆಲಸಕ್ಕೆ ಎಷ್ಟು ವೇಗ?

ರೈತರು ದಿನನಿತ್ಯ ಮಾಡುವ ಕೆಲಸಗಳಿಗೆ ಬೇಕಾಗುವ ಪ್ರಮಾಣ ಈ ಕೆಳಗಿನಂತಿದೆ.

(ಅ) ಎಸ್ಸೆಮ್ಮೆಸ್ ಸಂದೇಶ: ಒಂದು ಸಂದೇಶಕ್ಕೆ ಕೇವಲ 140 ಬೈಟ್. ಇಂಗ್ಲಿಷಿನಲ್ಲಾದರೆ 160 ಅಕ್ಷರ ಹಿಡಿಯುತ್ತದೆ. ಕನ್ನಡದಲ್ಲಿ 70 ಚಿಹ್ನೆಗಳಷ್ಟೇ ಹಿಡಿಯುತ್ತವೆ, ಒತ್ತಕ್ಷರ ಗುಣಿತಗಳೂ ಅದರಲ್ಲೇ ಎಣಿಕೆಯಾಗುತ್ತವೆ.

(ಆ) ಮಾತಾಡುವ ಕರೆ: ಸೆಕೆಂಡಿಗೆ ಸುಮಾರು 12 ಕಿಲೋಬಿಟ್ ಸಾಕು.

(ಇ) ಫೋನಿನ ಮೂಲಕ ಹಣ ಪಾವತಿ: ಕೆಲವೇ ಕಿಲೋಬೈಟ್. ಅಂತರ್ಜಾಲವೇ ಇಲ್ಲದ ಸಾದಾ ಫೋನಿನಿಂದ *99# ಒತ್ತಿಯೂ ಹಣ ಕಳಿಸಬಹುದು. ಸಾದಾ ಫೋನುಗಳಿಗಾಗಿಯೇ ಯುಪಿಐ 123 ಪೇ ಎಂಬ ವ್ಯವಸ್ಥೆಯನ್ನು 2022 ರ ಮಾರ್ಚ್‌ನಲ್ಲಿ ಆರಂಭಿಸಲಾಗಿದೆ.

(ಈ) ರೋಗ ಬಿದ್ದ ಎಲೆಯ ಚಿತ್ರವನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸುವುದು: ಸುಮಾರು 200 ಕಿಲೋಬೈಟ್.

(ಉ) ಸಾಧಾರಣ ಸ್ಪಷ್ಟತೆಯ ವಿಡಿಯೋ: ಸೆಕೆಂಡಿಗೆ ಸುಮಾರು 1 ಮೆಗಾಬಿಟ್. ಒಳ್ಳೆಯ ಸ್ಪಷ್ಟತೆಯ ವಿಡಿಯೋಗೆ ಎರಡೂವರೆಯಿಂದ 5 ಮೆಗಾಬಿಟ್.

(ಊ) ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರ್: ಒಂದು ಕರೆ ಅಥವಾ ಒಂದು ಸಂದೇಶ ಸಾಕು.

ಕೊನೆಯದನ್ನು ಸ್ವಲ್ಪ ಯೋಚಿಸಿ. ನಡುರಾತ್ರಿ ಕರೆಂಟು ಬಂದಾಗ ಹಾವು ಚೇಳಿನ ಭಯದಲ್ಲಿ ಹೊಲಕ್ಕೆ ಹೋಗಿ ಮೋಟಾರು ಹಚ್ಚುವ ಕಷ್ಟವನ್ನು ತಪ್ಪಿಸುವ ಈ ಸಾಧನಕ್ಕೆ ಅತಿ ಕಡಿಮೆ ವೇಗ ಸಾಕು. ರಾಜ್ಯದ ಗ್ರಾಮ ಪಂಚಾಯತಿಗಳಲ್ಲಿ ನಿಲ್ಲಿಸಿರುವ ಸ್ವಯಂಚಾಲಿತ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಮಳೆಯ ಲೆಕ್ಕ ಕಳಿಸುವುದೂ ಇಂಥ ಸಣ್ಣ ಹರಿವಿನಿಂದಲೇ. ಒಕ್ಕಲುತನಕ್ಕೆ ಅತ್ಯಂತ ಉಪಯುಕ್ತವಾದ ಮಾಹಿತಿ ಗಾತ್ರದಲ್ಲಿ ಬಹಳ ಚಿಕ್ಕದು ಎಂಬುದನ್ನು ಮರೆಯಬಾರದು.

ದೇಶದಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಇರಬೇಕಾದ ಕನಿಷ್ಠ ವೇಗವನ್ನು 2023 ರ ಜನವರಿಯಲ್ಲಿ ಸೆಕೆಂಡಿಗೆ 2 ಮೆಗಾಬಿಟ್ ಎಂದು ಗೊತ್ತುಪಡಿಸಲಾಗಿದೆ. ಮೇಲಿನ ಪಟ್ಟಿಯ ಬಹುಪಾಲು ಕೆಲಸಗಳು, ಆ 2 ಮೆಗಾಬಿಟ್ ನಿಜವಾಗಿ ಮತ್ತು ನಿರಂತರವಾಗಿ ಸಿಕ್ಕರೆ, ಅದರೊಳಗೇ ಮುಗಿಯುತ್ತವೆ.

4. ಹೆಚ್ಚಿನ ಮೂಟೆ ಯೂರಿಯಾದ ಪಾಠ

ಎಕರೆಗೆ ಮೊದಲ ಮೂಟೆ ಗೊಬ್ಬರ ಹಾಕಿದಾಗ ಇಳುವರಿ ಚೆನ್ನಾಗಿ ಏರುತ್ತದೆ. ಎರಡನೆಯದಕ್ಕೆ ಅಷ್ಟು ಏರದು. ಮೂರನೆಯದಕ್ಕೆ ಖರ್ಚು ಹುಟ್ಟದೆ, ಬೆಳೆ ಬರೀ ಸೊಕ್ಕಿ ಕೀಟಕ್ಕೆ ತುತ್ತಾಗಬಹುದು. ಇದನ್ನು ಇಳಿಮುಖ ಪ್ರತಿಫಲದ ನಿಯಮ ಎನ್ನುತ್ತಾರೆ. ವೇಗಕ್ಕೂ ಇದೇ ನಿಯಮ ಅನ್ವಯಿಸುತ್ತದೆ.

200 ಕಿಲೋಬೈಟಿನ ಒಂದು ಚಿತ್ರ ಎಂದರೆ 1,600 ಕಿಲೋಬಿಟ್. ಅದನ್ನು ಕಳಿಸಲು ಬೇಕಾಗುವ ಸಮಯ ಹೀಗಿದೆ:

ಸೆಕೆಂಡಿಗೆ 100 ಕಿಲೋಬಿಟ್ ವೇಗದಲ್ಲಿ: 16 ಸೆಕೆಂಡು
ಸೆಕೆಂಡಿಗೆ 2 ಮೆಗಾಬಿಟ್ ವೇಗದಲ್ಲಿ: ಒಂದು ಸೆಕೆಂಡಿಗಿಂತ ಕಡಿಮೆ (0.8)
ಸೆಕೆಂಡಿಗೆ 20 ಮೆಗಾಬಿಟ್ ವೇಗದಲ್ಲಿ: 0.08 ಸೆಕೆಂಡು
ಸೆಕೆಂಡಿಗೆ 200 ಮೆಗಾಬಿಟ್ ವೇಗದಲ್ಲಿ: 0.008 ಸೆಕೆಂಡು

ದಿನಕ್ಕೆ ಹತ್ತು ಚಿತ್ರ ಕಳಿಸುವಿರಿ ಎಂದಿಟ್ಟುಕೊಳ್ಳಿ. ಮೊದಲ ಏರಿಕೆಯಿಂದ ಎರಡೂವರೆ ನಿಮಿಷ ಉಳಿಯಿತು. ಎರಡನೆಯ ಏರಿಕೆಯಿಂದ ಸುಮಾರು 7 ಸೆಕೆಂಡು ಉಳಿಯಿತು. ಮೂರನೆಯ ಏರಿಕೆಯಿಂದ ದಿನಪೂರ್ತಿ ಸೇರಿ ಒಂದು ಸೆಕೆಂಡೂ ಉಳಿಯಲಿಲ್ಲ. ವೇಗ ಹತ್ತು ಪಟ್ಟಾದರೂ ಉಳಿತಾಯ ಕಣ್ಣಿಗೆ ಕಾಣದಷ್ಟಾಯಿತು.

ವಿಡಿಯೋ ನೋಡುವವರಿಗೂ ಒಂದು ಮಾತು. ಹತ್ತು ನಿಮಿಷದ ವಿಡಿಯೋ ಎಷ್ಟೇ ವೇಗದ ಜಾಲದಲ್ಲೂ ಹತ್ತು ನಿಮಿಷವೇ ನಡೆಯುತ್ತದೆ. ವೇಗ ಹೆಚ್ಚಿದ್ದರೆ ಫೋನು ತಾನಾಗಿಯೇ ಹೆಚ್ಚು ಸ್ಪಷ್ಟತೆಯನ್ನು ಆರಿಸಿಕೊಳ್ಳುತ್ತದೆ. ಸಾಧಾರಣ ಸ್ಪಷ್ಟತೆಯಲ್ಲಿ ಹತ್ತು ನಿಮಿಷಕ್ಕೆ ಸುಮಾರು 80 ಮೆಗಾಬೈಟ್ ಖರ್ಚಾದರೆ, ಹೆಚ್ಚಿನ ಸ್ಪಷ್ಟತೆಯಲ್ಲಿ 375 ಮೆಗಾಬೈಟ್ ಖರ್ಚಾಗುತ್ತದೆ. ದಿನಕ್ಕೆ ಒಂದೂವರೆ ಗಿಗಾಬೈಟಿನ ರೀಚಾರ್ಜು ನಾಲ್ಕು ವಿಡಿಯೋಗೆ ಬರಿದಾಗುತ್ತದೆ. ಪೈಪು ದೊಡ್ಡದಾದರೆ ಬಾವಿ ಬೇಗ ಬತ್ತುತ್ತದೆ ಎಂಬುದು ನಿಮಗೆ ತಿಳಿದ ಸಂಗತಿಯೇ.

ದೊಡ್ಡ ಗಾತ್ರದ ಕಡತಗಳ ಮಾತು ಬೇರೆ. 300 ಮೆಗಾಬೈಟಿನ ಕಡತವನ್ನು ಇಳಿಸಿಕೊಳ್ಳಲು 2 ಮೆಗಾಬಿಟ್ ವೇಗದಲ್ಲಿ 20 ನಿಮಿಷ, 20 ಮೆಗಾಬಿಟ್ ವೇಗದಲ್ಲಿ 2 ನಿಮಿಷ, 200 ಮೆಗಾಬಿಟ್ ವೇಗದಲ್ಲಿ 12 ಸೆಕೆಂಡು ಬೇಕು. ಇಲ್ಲಿ ಉಳಿತಾಯ ನಿಜವಾದದ್ದು. ಆದರೆ ಇಂಥ ಕೆಲಸ ನಿಮಗೆ ವರ್ಷದಲ್ಲಿ ಎಷ್ಟು ಸಲ ಬೀಳುತ್ತದೆ ಎಂದು ನೀವೇ ಲೆಕ್ಕ ಹಾಕಬೇಕು.

5. ನಿಧಾನವಾದ ಕೊಂಡಿ ಯಾವುದು?

ಬಿತ್ತನೆಯ ದಿನ ಎತ್ತುಗಳು ಎಷ್ಟೇ ಚುರುಕಾಗಿದ್ದರೂ ಬೀಜ ಬರುವುದು ತಡವಾದರೆ ಕೂರಿಗೆ ನಿಲ್ಲುತ್ತದೆ. ಕೆಲಸದ ಸರಪಳಿಯಲ್ಲಿ ಅತಿ ನಿಧಾನವಾದ ಕೊಂಡಿಯೇ ಇಡೀ ಕೆಲಸದ ವೇಗವನ್ನು ನಿರ್ಧರಿಸುತ್ತದೆ.

2021 ರಲ್ಲಿ ಮೆಣಸಿನಕಾಯಿ ಬೆಳೆಗೆ ಕಪ್ಪು ಥ್ರಿಪ್ಸ್ ನುಸಿ ದಕ್ಷಿಣ ಭಾರತದಲ್ಲಿ ದೊಡ್ಡ ಪ್ರಮಾಣದಲ್ಲಿ ಬಿದ್ದಿತು. ಇದು ಹೂವಿನಲ್ಲಿ ಗುಂಪುಗಟ್ಟಿ ರಸ ಹೀರಿ ಹೂ ಉದುರಿಸುವ ಕೀಟ. ಶಿರಹಟ್ಟಿ ಅಥವಾ ಲಕ್ಷ್ಮೇಶ್ವರ ಕಡೆಯ ಒಬ್ಬ ರೈತರು ತಮ್ಮ ಮೆಣಸಿನ ಗಿಡದಲ್ಲಿ ಅಂಥ ನುಸಿ ಕಂಡು ಚಿತ್ರ ಕಳಿಸಿದರು ಎಂದಿಟ್ಟುಕೊಳ್ಳಿ. ಚಿತ್ರ ಹೋಗಲು ಒಂದು ಸೆಕೆಂಡು. ವಿಜ್ಞಾನಿಗಳು ನೋಡಿ ಉತ್ತರಿಸಲು ಅರ್ಧ ದಿನ ಅಥವಾ ಒಂದು ದಿನ. ಔಷಧ ತರಲು ಇನ್ನೊಂದು ದಿನ. ಆಳು ಸಿಕ್ಕು, ಗಾಳಿ ಇಳಿದು, ಸಿಂಪಡಿಸಲು ಮತ್ತೆರಡು ದಿನ. ಒಟ್ಟು ನಾಲ್ಕು ದಿನದಲ್ಲಿ ಜಾಲದ ಪಾಲು ಒಂದು ಸೆಕೆಂಡು. ಆ ಒಂದು ಸೆಕೆಂಡನ್ನು ಅರ್ಧ ಸೆಕೆಂಡು ಮಾಡಲು ಹದಿನೈದು ಸಾವಿರ ಕೊಟ್ಟರೆ ನುಸಿಗೆ ಏನೂ ಆಗುವುದಿಲ್ಲ.

ಇದೇ ಸರಪಳಿಯಲ್ಲಿ ಖರ್ಚಿಲ್ಲದೆ ಸರಿಪಡಿಸಬಹುದಾದ ಕೊಂಡಿ ಒಂದಿದೆ. ಅಸ್ಪಷ್ಟ ಚಿತ್ರ ಕಳಿಸಿದರೆ ವಿಜ್ಞಾನಿಗಳು ಮತ್ತೊಂದು ಚಿತ್ರ ಕೇಳುತ್ತಾರೆ, ಅಲ್ಲಿಗೆ ಒಂದು ದಿನ ಹೋಯಿತು. ಆದುದರಿಂದ ಇಡೀ ಗಿಡದ್ದೊಂದು, ಎಲೆಯ ಕೆಳಭಾಗದ್ದೊಂದು, ಬಿಡಿಸಿದ ಹೂವಿನ ಒಳಭಾಗದ್ದೊಂದು ಹೀಗೆ ಮೂರು ಚಿತ್ರಗಳನ್ನು ಬೆಳಗಿನ ಬೆಳಕಿನಲ್ಲಿ ತೆಗೆಯಿರಿ. ಬಿತ್ತಿದ ಅಥವಾ ನಾಟಿ ಮಾಡಿದ ದಿನ, ಹಿಂದೆ ಸಿಂಪಡಿಸಿದ ಔಷಧದ ಹೆಸರು, ರೋಗ ಕಂಡ ದಿನ ಇವನ್ನು ಧ್ವನಿಯಲ್ಲೇ ಹೇಳಿ ಜೊತೆಗೆ ಕಳಿಸಿರಿ. ಇದರಿಂದ ಉಳಿಯುವ ಒಂದು ದಿನ, ಯಾವ ಹೊಸ ಜಾಲವೂ ಉಳಿಸಿಕೊಡಲಾರದಂಥದು.

6. ಪೇಟೆಯ ಧಾರಣೆ ಮತ್ತು ವೇಗ

ಧಾರಣೆ ಬೇಗ ತಿಳಿದರೆ ಹೆಚ್ಚು ಬೆಲೆ ಸಿಗುತ್ತದೆಯೇ? ಈ ಬಗ್ಗೆ ಅರ್ಥಶಾಸ್ತ್ರಜ್ಞರು ನಡೆಸಿದ ಕೆಲವು ಅಧ್ಯಯನಗಳನ್ನು ನೋಡೋಣ.

ಉತ್ತರ ಕೇರಳದ ಕರಾವಳಿಗೆ ಮೊಬೈಲ್ ಬಂದದ್ದು 1997 ರಿಂದ 2001 ರ ನಡುವೆ. ಅದಕ್ಕೆ ಮೊದಲು ಒಂದು ದಂಡೆಯಲ್ಲಿ ಕೊಳ್ಳುವವರಿಲ್ಲದೆ ಮೀನು ಚೆಲ್ಲುತ್ತಿದ್ದರೆ, ಪಕ್ಕದ ದಂಡೆಯಲ್ಲಿ ಮೀನೇ ಇರುತ್ತಿರಲಿಲ್ಲ. ದೋಣಿಯಿಂದಲೇ ಫೋನು ಮಾಡಿ ದಂಡೆ ಆರಿಸುವುದು ಸಾಧ್ಯವಾದ ಮೇಲೆ ಮೀನುಗಾರರ ಲಾಭ ಶೇ. 8 ರಷ್ಟು ಏರಿತು, ಗ್ರಾಹಕರ ಬೆಲೆ ಶೇ. 4 ರಷ್ಟು ಇಳಿಯಿತು. ಇಷ್ಟೆಲ್ಲ ಆದದ್ದು ಬರೀ ಮಾತಾಡುವ ಫೋನಿನಿಂದ.

ಮಧ್ಯಪ್ರದೇಶದಲ್ಲಿ 2000 ರ ನಂತರ ಹಳ್ಳಿಗಳಲ್ಲಿ ಇ-ಚೌಪಾಲ್ ಎಂಬ ಗಣಕಯಂತ್ರ ಕೇಂದ್ರಗಳು ಬಂದವು. ಅಲ್ಲಿ ಧಾರಣೆ ತಿಳಿಯುವಂತಾದಾಗ ಸೋಯಾ ಬೆಲೆ ಪೇಟೆಗಳಲ್ಲಿ ಶೇ. 1 ರಿಂದ 3 ರಷ್ಟು ಏರಿತು.

ಆದರೆ ಮಹಾರಾಷ್ಟ್ರದ 100 ಹಳ್ಳಿಗಳಲ್ಲಿ ರೈತರಿಗೆ ಧಾರಣೆ ಮತ್ತು ಹವಾಮಾನದ ಸಂದೇಶಗಳನ್ನು ಒಂದು ವರ್ಷ ಕಳಿಸಿ ನೋಡಿದ ಅಧ್ಯಯನ 2012 ರಲ್ಲಿ ಪ್ರಕಟವಾಯಿತು. ಅದರಲ್ಲಿ ರೈತರಿಗೆ ಸಿಕ್ಕ ಬೆಲೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ನಮ್ಮ ರಾಜ್ಯದಲ್ಲಿ 2014 ರಿಂದ ಕೃಷಿ ಮಾರುಕಟ್ಟೆಗಳನ್ನು ಗಣಕಯಂತ್ರದ ಮೂಲಕ ಒಂದೇ ವೇದಿಕೆಗೆ ಜೋಡಿಸಲಾಯಿತು. ಅಡತಿ ಅಂಗಡಿಯಲ್ಲಿ ಇಟ್ಟ ಲಾಟಿಗೆ ವ್ಯಾಪಾರಿಗಳು ಗುಟ್ಟಾಗಿ ಟೆಂಡರು ಹಾಕುವ ಪದ್ಧತಿ ಗಣಕಕ್ಕೆ ಏರಿತು. 2020 ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ ಇದರಿಂದ ಭತ್ತದ ಧಾರಣೆ ಶೇ. 5.1, ಶೇಂಗಾ ಧಾರಣೆ ಶೇ. 3.6 ಮತ್ತು ಗೋವಿನಜೋಳದ ಧಾರಣೆ ಶೇ. 3.5 ರಷ್ಟು ಏರಿತು. ಇಲ್ಲಿ ಒಂದು ಅಂಶ ಗಮನಿಸಿರಿ. ಈ ಲಾಭ ಪಡೆಯಲು ರೈತರ ಕಿಸೆಯಲ್ಲಿ ಫೋನೇ ಇರಬೇಕಾಗಿರಲಿಲ್ಲ. ಕೊಳ್ಳುವವರ ನಡುವೆ ಪೈಪೋಟಿ ಹೆಚ್ಚಿದ್ದೇ ಬೆಲೆ ಏರಲು ಕಾರಣ.

ಈ ನಾಲ್ಕನ್ನೂ ಒಟ್ಟಿಗೆ ನೋಡಿದರೆ ತಿಳಿಯುವುದೇನು? ಸುದ್ದಿ ಬಂದಾಗ ಅದರಂತೆ ನಡೆಯಲು ದಾರಿ ಇದ್ದವರಿಗೆ ಸುದ್ದಿಯಿಂದ ಲಾಭವಾಗುತ್ತದೆ. ಕೇರಳದ ಮೀನುಗಾರರಿಗೆ ದೋಣಿ ತಿರುಗಿಸುವ ಸ್ವಾತಂತ್ರ್ಯವಿತ್ತು. ಅಡತಿ ಅಂಗಡಿಯಲ್ಲಿ ಮುಂಗಡ ತಂದ ಮುಂಡರಗಿಯ ಉಳ್ಳಾಗಡ್ಡಿ ಬೆಳೆಗಾರರಿಗೆ ಬೇರೆ ಪೇಟೆಯ ಧಾರಣೆ ಕ್ಷಣಾರ್ಧದಲ್ಲಿ ತಿಳಿದರೂ ಮಾಲು ತಿರುಗಿಸಲು ಆಗುವುದಿಲ್ಲ. ಅವರಿಗೆ ಬೇಕಾದುದು ಗಾಳಿಯಾಡುವ ಉಳ್ಳಾಗಡ್ಡಿ ಮನೆ, ನಾಲ್ಕು ಜನ ಕೂಡಿ ಮಾಡುವ ಲಾರಿ, ಕಡಲೆ ಹೆಸರಿನಂಥ ಕಾಳಿಗಾದರೆ ಉಗ್ರಾಣದ ರಸೀತಿಯ ಮೇಲೆ ಸಿಗುವ ಸಾಲ. ಪೇಟೆಯ ಧಾರಣೆ ದಿನಕ್ಕೊಮ್ಮೆ ಗೊತ್ತಾಗುವಂಥದು, ಅದನ್ನು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ತಿಳಿಯುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ.

7. ಹೊಲದಲ್ಲಿ ಸಿಗ್ನಲ್: ನಿಜವಾದ ಪ್ರಶ್ನೆ

ಜಾತ್ರೆಯ ಡೊಳ್ಳಿನ ಸದ್ದು ಹರದಾರಿ ದೂರಕ್ಕೆ ಕೇಳುತ್ತದೆ, ತಾಳದ ಸದ್ದು ಊರ ಅಗಸಿ ದಾಟುವುದಿಲ್ಲ. ರೇಡಿಯೋ ಅಲೆಗಳ ಸ್ವಭಾವವೂ ಹೆಚ್ಚು ಕಡಿಮೆ ಹೀಗೆಯೇ. ಕಡಿಮೆ ಕಂಪನದ ಅಲೆಗಳು ದೂರ ಹೋಗುತ್ತವೆ, ಗೋಡೆ ಗಿಡಮರಗಳನ್ನು ದಾಟುತ್ತವೆ. ಹೆಚ್ಚು ಕಂಪನದ ಅಲೆಗಳು ಹೆಚ್ಚು ಮಾಹಿತಿ ಹೊರುತ್ತವೆ, ಆದರೆ ದೂರ ಹೋಗಲಾರವು. ನಮ್ಮ ದೇಶದಲ್ಲಿ 5ಜಿ ಸೇವೆಯ ಹೆಚ್ಚಿನ ವೇಗ ಬರುವುದು 3300 ಮೆಗಾಹರ್ಟ್ಸ್ ಅಲೆಗಳಿಂದ. ದೂರ ಹೋಗುವ ಅಲೆಗಳು 700 ಮೆಗಾಹರ್ಟ್ಸ್ ಮತ್ತು ಅದರ ಆಸುಪಾಸಿನವು. ಆದುದರಿಂದ ಟವರಿನ ಬುಡದಲ್ಲಿ ಸಿಕ್ಕ ವೇಗವನ್ನು ಎರಡು ಮೂರು ಮೈಲು ದೂರದ ಹೊಲದಲ್ಲಿ ನಿರೀಕ್ಷಿಸಬಾರದು. ಟವರಿನಲ್ಲಿ 5ಜಿ ಇಲ್ಲದಿದ್ದರೆ 5ಜಿ ಫೋನು 4ಜಿ ಫೋನಿನಂತೆಯೇ ಕೆಲಸ ಮಾಡುತ್ತದೆ.

ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡದಂಥ ಗುಡ್ಡಸಾಲು ಅಡ್ಡ ಬಂದರೆ ಅದರ ಮರೆಯಲ್ಲಿ ಅಲೆಗಳು ಕ್ಷೀಣವಾಗುತ್ತವೆ. ಬಯಲಾದ ಎರೆ ಭೂಮಿಯಲ್ಲಿ ಅಲೆಗಳು ಚೆನ್ನಾಗಿ ಹಾಯುತ್ತವೆ, ಆದರೆ ಊರುಗಳು ದೂರ ದೂರ ಇರುವುದರಿಂದ ಟವರುಗಳೂ ದೂರ. ಸಿಗ್ನಲ್ ಕ್ಷೀಣವಿರುವಲ್ಲಿ ಫೋನು ಟವರನ್ನು ಮುಟ್ಟಲು ಹೆಚ್ಚು ಶಕ್ತಿ ಬಳಸುವುದರಿಂದ ಬ್ಯಾಟರಿಯೂ ಬೇಗ ಇಳಿಯುತ್ತದೆ. ಕರೆಂಟು ಹೋದಾಗ ಟವರಿನ ಬ್ಯಾಟರಿ ಅಥವಾ ಡೀಸೆಲ್ ಯಂತ್ರ ನಿಂತರೆ ಎಷ್ಟನೆಯ ಜಿ ಇದ್ದರೂ ಒಂದೇ.

ಹೊಲದಲ್ಲಿ ಸಿಗ್ನಲ್ ಸಿಗದಿದ್ದರೆ ಏನು ನಷ್ಟ? ಒಂದು ಉದಾಹರಣೆ ಸಾಕು. ಶೇಂಗಾ ಕಿತ್ತು ಹೊಲದಲ್ಲಿ ಒಣಗಲು ಹರವಿದ್ದೀರಿ. ಅಕಾಲ ಮಳೆ ಹೊಡೆಯಿತು. ಫಸಲ್ ಬಿಮಾ ಯೋಜನೆಯಲ್ಲಿ ಅಧಿಸೂಚಿತ ಬೆಳೆಗೆ ವಿಮೆ ಕಟ್ಟಿದ್ದರೆ, ಕಟಾವು ಮಾಡಿ ಹೊಲದಲ್ಲೇ ಒಣಗಲು ಬಿಟ್ಟ ಬೆಳೆಗೆ 14 ದಿನಗಳವರೆಗೆ ರಕ್ಷಣೆ ಇದೆ. ಆದರೆ ನಷ್ಟವಾದ 72 ಗಂಟೆಯೊಳಗೆ ತಿಳಿಸಲೇಬೇಕು. ಆಲಿಕಲ್ಲು ಮಳೆಯಂಥ ಸ್ಥಳೀಯ ವಿಕೋಪಕ್ಕೂ ಇದೇ ಅವಧಿ. ಮುಂಗಾರಿ ಶೇಂಗಾಕ್ಕೆ ವಿಮಾ ಮೊತ್ತದ ಶೇ. 2 ರಷ್ಟು ಕಂತನ್ನು ಕೈಯಿಂದ ಕಟ್ಟಿ, 72 ಗಂಟೆ ಮೀರಿದ ಕಾರಣಕ್ಕೆ ಪರಿಹಾರ ಕಳೆದುಕೊಂಡರೆ ಆ ವರ್ಷದ ದುಡಿಮೆಯೇ ಹೋದಂತೆ. ಈ ಸೂಚನೆ ಕೊಡಲು 14447 ಸಂಖ್ಯೆಗೆ ಒಂದು ಕರೆ ಸಾಕು. ಕರೆ ಹೋಗುವಷ್ಟು ಸಿಗ್ನಲ್ ಇದ್ದರೆ ಕೆಲಸವಾಯಿತು, ಅದಿಲ್ಲದಿದ್ದರೆ ಸೆಕೆಂಡಿಗೆ ಸಾವಿರ ಮೆಗಾಬಿಟ್ ಎಂಬ ಮಾತು ಕಾಗದದ ಮೇಲಷ್ಟೇ.

ಇನ್ನೊಂದು ತಪ್ಪು ತಿಳುವಳಿಕೆ ಇದೆ. ಹೊಲದ ಸ್ಥಾನ ಗುರುತಿಸಲು ಅಂತರ್ಜಾಲ ಬೇಕೆಂದು ಅನೇಕರು ತಿಳಿದಿದ್ದಾರೆ. ಜಿಪಿಎಸ್ ಸಂಕೇತ ಬರುವುದು ಉಪಗ್ರಹಗಳಿಂದ, ಅದಕ್ಕೆ ಮೊಬೈಲ್ ಡಾಟಾ ಬೇಕಿಲ್ಲ. 2020 ರಿಂದ ರೈತರೇ ಮಾಡುತ್ತಿರುವ ಬೆಳೆ ಸಮೀಕ್ಷೆಯಲ್ಲಿ, ಜಾಲ ಸಿಗುವಲ್ಲಿ ನಕ್ಷೆ ಇಳಿಸಿಕೊಂಡು, ಹೊಲದಲ್ಲಿ ಚಿತ್ರ ತೆಗೆದು, ಮರಳಿ ಜಾಲ ಸಿಕ್ಕಾಗ ಕಳಿಸುವ ಕ್ರಮವನ್ನು ಅನುಸರಿಸಿದರೆ ಕೆಲಸ ಸುಗಮ.

8. ಹೆಚ್ಚಿನ ವೇಗ ಯಾರಿಗೆ ಬೇಕು?

ಹೊಸ ತಂತ್ರವನ್ನು ಸಾರಾಸಗಟಾಗಿ ತಳ್ಳಿಹಾಕುವುದೂ ಸರಿಯಲ್ಲ. ಒಂದು ಟವರಿನ ಸಾಮರ್ಥ್ಯವನ್ನು ಅದರ ವ್ಯಾಪ್ತಿಯ ಎಲ್ಲರೂ ಹಂಚಿಕೊಳ್ಳುತ್ತಾರೆ. ಸಂಜೆ ಏಳರಿಂದ ಹತ್ತರವರೆಗೆ ಊರಿಗೆ ಊರೇ ವಿಡಿಯೋ ನೋಡಲು ಕುಳಿತಾಗ ಜಾಲ ಕುಂಟುವುದು ಈ ಕಾರಣದಿಂದ. 5ಜಿ ಬಂದರೆ ಟವರಿನ ಒಟ್ಟು ಸಾಮರ್ಥ್ಯ ಹೆಚ್ಚುತ್ತದೆ. ನಾಲ್ಕು ಜನ 5ಜಿಗೆ ಹೋದರೆ 4ಜಿಯಲ್ಲಿ ಉಳಿದವರಿಗೂ ಸ್ವಲ್ಪ ಜಾಗ ಆಗುತ್ತದೆ. ಆದರೆ ಟವರಿಗೆ ಹಿಂದಿನಿಂದ ಬರುವ ತಂತಿ ಅಥವಾ ಸೂಕ್ಷ್ಮ ಅಲೆಯ ಸಂಪರ್ಕ ಸಣ್ಣದಿದ್ದರೆ, ಒಂದೂವರೆ ಇಂಚು ನೀರಿನ ಕೊಳವೆ ಬಾವಿಗೆ ಐದು ಇಂಚಿನ ಪೈಪು ಹಾಕಿದಂತಾಗುತ್ತದೆ.

ಒಂದೇ ಫೋನಿನ ಡಾಟಾವನ್ನು ಮನೆಯ ಮೂರು ನಾಲ್ಕು ಮಂದಿ ಹಂಚಿಕೊಳ್ಳುವವರು, ಮಕ್ಕಳ ಪಾಠ ದಿನವೂ ವಿಡಿಯೋದಲ್ಲಿ ನಡೆಯುವ ಮನೆಯವರು, ದನಕ್ಕೆ ಕಾಯಿಲೆಯಾದಾಗ ಪಶುವೈದ್ಯರಿಗೆ ವಿಡಿಯೋ ಕರೆಯಲ್ಲಿ ತೋರಿಸುವವರು, ಡ್ರೋನ್ ಸಿಂಪಡಣೆ ಅಥವಾ ಗಣಕ ಸೇವೆಯನ್ನೇ ಉದ್ಯೋಗ ಮಾಡಿಕೊಂಡ ಯುವಕರು ಇವರಿಗೆ ಹೆಚ್ಚಿನ ವೇಗ ಉಪಯುಕ್ತ. ಹಳೆಯ ಫೋನು ಕೆಟ್ಟು ಹೇಗೂ ಹೊಸದು ಕೊಳ್ಳುವವರು 5ಜಿ ಫೋನನ್ನೇ ಕೊಳ್ಳುವುದರಲ್ಲಿ ತಪ್ಪಿಲ್ಲ. ಚೆನ್ನಾಗಿ ನಡೆಯುತ್ತಿರುವ ಫೋನನ್ನು ವೇಗದ ಆಸೆಗಾಗಿ ಬದಲಿಸಲು ಸಾಲ ಮಾಡುವುದು ಮಾತ್ರ ಸಲ್ಲದು.

9. ನಿಮ್ಮ ಹೊಲದಲ್ಲೇ ಒಂದು ಪ್ರಾತ್ಯಕ್ಷಿಕೆ

ಹೊಸ ತಳಿಯನ್ನು ನಾಲ್ಕು ಗುಂಟೆಯಲ್ಲಿ ಹಾಕಿ ಪಕ್ಕದಲ್ಲಿ ಹಳೆಯದನ್ನು ಬೆಳೆದು ಹೋಲಿಸುವಂತೆ, ಜಾಲವನ್ನೂ ಹೋಲಿಸಿರಿ. ಇದಕ್ಕೆ ಒಂದು ನೋಟ್ ಪುಸ್ತಕ ಸಾಕು.

(1) ಮನೆ, ಕಣ ಮತ್ತು ಹೊಲ ಹೀಗೆ ಮೂರು ಸ್ಥಳ ಗೊತ್ತುಮಾಡಿಕೊಳ್ಳಿರಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಟು ಗಂಟೆ ಹೀಗೆ ಮೂರು ಹೊತ್ತು ಗೊತ್ತುಮಾಡಿಕೊಳ್ಳಿರಿ.

(2) ಪ್ರತಿ ಸಲ ಮೂರು ಕೆಲಸ ಮಾಡಿರಿ: ಒಂದು ಕರೆ, ಒಂದು ಚಿತ್ರ ಕಳಿಸುವುದು, ಒಂದು ರೂಪಾಯಿ ಪಾವತಿ. ಆಯಿತೇ ಇಲ್ಲವೇ, ಎಷ್ಟು ಹೊತ್ತಾಯಿತು ಎಂದು ಬರೆಯಿರಿ. ಏಳು ದಿನ ಹೀಗೆ ಮಾಡಿರಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಮೈಸ್ಪೀಡ್ ಆ್ಯಪಿನಿಂದ ವೇಗವನ್ನೂ ಅಳೆಯಬಹುದು.

(3) ಬೇರೆ ಕಂಪನಿಯ ಸಿಮ್ ಇರುವ ನೆರೆಹೊರೆಯವರನ್ನು ಜೊತೆಗೆ ಕರೆದುಕೊಂಡು ಅವರ ಫೋನಿನಲ್ಲೂ ಇದನ್ನೇ ಮಾಡಿಸಿರಿ. ಇದೇ ನಿಮ್ಮ ಹೋಲಿಕೆಯ ತಾಕು. 2024 ರ ಹೊಸ ಗುಣಮಟ್ಟ ನಿಯಮಗಳಂತೆ ಕಂಪನಿಗಳು ತಮ್ಮ ವ್ಯಾಪ್ತಿಯ ನಕ್ಷೆಯನ್ನು ಜಾಲತಾಣದಲ್ಲಿ ಪ್ರಕಟಿಸಬೇಕು, ಅದನ್ನೂ ನೋಡಿರಿ. ಆದರೆ ನಕ್ಷೆಗಿಂತ ನಿಮ್ಮ ನೋಟ್ ಪುಸ್ತಕ ಹೆಚ್ಚು ನಂಬಿಕೆಗೆ ಅರ್ಹ.

(4) ಇನ್ನೊಂದು ಕಂಪನಿಯ ಸಿಗ್ನಲ್ ನಿಮ್ಮ ಹೊಲದಲ್ಲಿ ಚೆನ್ನಾಗಿದ್ದರೆ, ಸಂಖ್ಯೆ ಬದಲಿಸದೆ ಕಂಪನಿ ಬದಲಿಸಬಹುದು. ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ನಿಮ್ಮ ಸಂಖ್ಯೆ ಬರೆದು 1900 ಕ್ಕೆ ಸಂದೇಶ ಕಳಿಸಿರಿ. ಹೊಸ ಫೋನಿಗಿಂತ ಇದು ಬಹಳ ಅಗ್ಗದ ಸುಧಾರಣೆ.

(5) ಬರೀ ಮಾತಾಡುವ ಹಿರಿಯರ ಫೋನಿಗೆ ಡಾಟಾ ಸೇರಿದ ರೀಚಾರ್ಜು ಬೇಕಿಲ್ಲ. ಮಾತು ಮತ್ತು ಸಂದೇಶಕ್ಕೆ ಮಾತ್ರ ಇರುವ ರೀಚಾರ್ಜುಗಳು 2025 ರ ಜನವರಿಯಿಂದ ಬಂದಿವೆ, ಕೇಳಿ ಪಡೆಯಿರಿ.

(6) ವೇಗ ಬೇಡದ ಎರಡು ಸಂಖ್ಯೆಗಳನ್ನು ಮನೆಯ ಗೋಡೆಯ ಮೇಲೆ ಬರೆದಿಡಿರಿ. ಕಿಸಾನ್ ಕಾಲ್ ಸೆಂಟರ್: 1800-180-1551, ಬೆಳಿಗ್ಗೆ 6 ರಿಂದ ರಾತ್ರಿ 10 ರವರೆಗೆ ಕನ್ನಡದಲ್ಲಿಯೇ ಉತ್ತರ ಸಿಗುತ್ತದೆ. ಹವಾಮಾನಕ್ಕೆ ವರುಣಮಿತ್ರ: 92433 45433. ಕಣದಲ್ಲಿ ಮೆಣಸಿನಕಾಯಿ ಹರವಿದ ದಿನ, ಮಳೆ ಬರುವ ಮೂರು ತಾಸು ಮೊದಲು ತಿಳಿದರೆ ತಾಡಪಾಲು ಹೊದಿಸಬಹುದು. ಆ ಮೂರು ತಾಸು ಉಳಿಸಿಕೊಡುವುದು ನೀವು ಮಾಡಿದ ಒಂದು ಕರೆ.

(7) ಯಾವ ಕಂಪನಿಯ ಸಿಗ್ನಲೂ ಸಿಗದ ಹೊಲಗಳಿದ್ದರೆ, ಒಬ್ಬೊಬ್ಬರೇ ದೂರು ಕೊಟ್ಟು ಸುಮ್ಮನಾಗಬೇಡಿರಿ. ಹತ್ತು ಜನ ರೈತರ ನೋಟ್ ಪುಸ್ತಕದ ಲೆಕ್ಕವನ್ನು ಸರ್ವೆ ನಂಬರಿನ ಸಮೇತ ಒಟ್ಟುಮಾಡಿ, ಗ್ರಾಮ ಪಂಚಾಯತಿ ಅಥವಾ ಸಹಕಾರ ಸಂಘದ ಮೂಲಕ ಮನವಿ ಕೊಡಿರಿ. 1905 ರಲ್ಲಿ ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗ ತೋರಿಸಿದ ದಾರಿ ಇದೇ. ಒಬ್ಬರಿಂದ ಆಗದ್ದು ಹತ್ತು ಮಂದಿ ಕೂಡಿದರೆ ಆಗುತ್ತದೆ.

ಸಾರಾಂಶ

ಒಕ್ಕಲುತನದ ಹೆಚ್ಚಿನ ಕೆಲಸಗಳಿಗೆ ಸೆಕೆಂಡಿಗೆ 2 ಮೆಗಾಬಿಟ್‌ನಷ್ಟು ನಿಶ್ಚಿತ ಸಂಪರ್ಕ ಸಾಕು. ಅಲ್ಲಿಯವರೆಗಿನ ಏರಿಕೆ ಬಹಳ ಲಾಭದಾಯಕ, ಅದರ ಮೇಲಿನ ಏರಿಕೆಯ ಲಾಭ ಬೇಗ ಕುಗ್ಗುತ್ತದೆ. ವೇಗಕ್ಕಿಂತ ಮೊದಲು ಹೊಲದಲ್ಲಿ ಸಿಗ್ನಲ್, ಕರೆಂಟು ಹೋದಾಗಲೂ ನಿಲ್ಲದ ಸೇವೆ, ಸಂಜೆಯಲ್ಲೂ ಕುಂಟದ ಜಾಲ ಇವನ್ನು ಕೇಳಿರಿ. ಸುದ್ದಿ ಎಷ್ಟು ಬೇಗ ಬಂದಿತು ಎಂಬುದರ ಜೊತೆಗೆ, ಅದರಂತೆ ನಡೆಯಲು ಉಗ್ರಾಣ, ಗಾಡಿ, ಕೈಗಡ ನಿಮ್ಮ ಬಳಿ ಇದೆಯೇ ಎಂದು ನೋಡಿಕೊಳ್ಳಿರಿ. ಹಣ ಉಳಿದರೆ ಅದನ್ನು ಸರಪಳಿಯ ಅತಿ ನಿಧಾನವಾದ ಕೊಂಡಿಗೆ ಹಾಕಿರಿ.

ಅಭ್ಯಾಸಕ್ಕೆ ಪ್ರಶ್ನೆಗಳು

1. ನಿಮ್ಮ ಮನೆಯಲ್ಲಿ ಕಳೆದ ವಾರ ಫೋನಿನಲ್ಲಿ ಮಾಡಿದ ಒಕ್ಕಲುತನದ ಕೆಲಸಗಳಾವುವು? ಅವುಗಳಲ್ಲಿ ಎಷ್ಟು ಕೆಲಸಗಳು ಕರೆ ಮತ್ತು ಸಂದೇಶದಿಂದಲೇ ಮುಗಿಯಬಹುದಿತ್ತು?

2. ಸೆಕೆಂಡಿಗೆ 4 ಮೆಗಾಬಿಟ್ ವೇಗದಲ್ಲಿ 3 ಮೆಗಾಬೈಟಿನ ಚಿತ್ರ ಕಳಿಸಲು ಎಷ್ಟು ಸೆಕೆಂಡು ಬೇಕು? (ಉತ್ತರ: 6 ಸೆಕೆಂಡು. ಮೊದಲು 8 ರಿಂದ ಗುಣಿಸುವುದನ್ನು ಮರೆಯಬಾರದು.)

3. ನಿಮ್ಮ ಬೆಳೆಗೆ ಕೀಟ ಬಿದ್ದಾಗ ಕಂಡ ದಿನದಿಂದ ಸಿಂಪಡಿಸಿದ ದಿನದವರೆಗೆ ಎಷ್ಟು ದಿನ ಹಿಡಿಯಿತು? ಅದರಲ್ಲಿ ಅತಿ ನಿಧಾನವಾದ ಕೊಂಡಿ ಯಾವುದು?

4. ನಿಮ್ಮ ಹೊಲದ ಯಾವ ಮೂಲೆಯಲ್ಲಿ ನಿಂತರೆ ಕರೆ ಹೋಗುತ್ತದೆ? ಮನೆಯ ಎಲ್ಲರಿಗೂ, ಆಳುಮಕ್ಕಳಿಗೂ ಅದು ಗೊತ್ತಿದೆಯೇ?